ನೀಲಿ ಪರದೆಯ ಮೂಲ: ಗೇಮಿಂಗ್ ಕಂಪ್ಯೂಟರ್‌ಗಳ ಕುಸಿತದ ಬಗ್ಗೆ ನಾಲ್ಕು ವಾದಗಳು

ವಿಂಡೋಸ್‌ನ ತಿರುಳಾದ ಕರ್ನೆಲ್, ತನ್ನ ಲೆಕ್ಕದಲ್ಲಿ ಎಂದೂ ಆಗಬಾರದ ತಪ್ಪೊಂದನ್ನು ಕಂಡ ಕೂಡಲೇ ಕೆಲಸವನ್ನೆಲ್ಲ ನಿಲ್ಲಿಸುತ್ತದೆ. ಪರದೆಯನ್ನು ನೀಲಿ (ಈಚಿನ ವಿಂಡೋಸ್ 11ರಲ್ಲಿ ಕಪ್ಪು) ಮಾಡಿ, ಒಂದು ಸಂಕೇತ ತೋರಿಸಿ, ಆ ಕ್ಷಣದಲ್ಲಿ ಮೆಮೊರಿಯಲ್ಲಿದ್ದುದರ ನಕಲನ್ನು ಡಿಸ್ಕಿಗೆ ಬರೆದು, ಕಂಪ್ಯೂಟರನ್ನು ಮತ್ತೆ ಶುರು ಮಾಡುತ್ತದೆ. ಹಾಗೆಯೇ ಮುಂದುವರಿದರೆ ಕೆಟ್ಟ ಮಾಹಿತಿ ಫೈಲುಗಳೊಳಗೆ ಸೇರಿಹೋದೀತು ಎಂಬ ಎಚ್ಚರಿಕೆಯಿಂದ ಅದು ಹೀಗೆ ಮಾಡುತ್ತದೆ. ತಪ್ಪು ಎಲ್ಲಿ ಪತ್ತೆಯಾಯಿತು ಎಂಬುದನ್ನು ಆ ಪರದೆ ಹೇಳುತ್ತದೆ. ಎಲ್ಲಿ ಹುಟ್ಟಿತು ಎಂಬುದನ್ನು ಹೇಳುವುದಿಲ್ಲ. ಈ ವಿಷಯದ ಬಹುಪಾಲು ಜಗಳ ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ ಹುಟ್ಟಿದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಆಟಕ್ಕೆಂದು ಇಟ್ಟುಕೊಳ್ಳುವ ಡೆಸ್ಕ್‌ಟಾಪ್‌ಗಳು ಹೆಚ್ಚಾಗಿ ಅಸೆಂಬಲ್ಡ್ ಸಿಸ್ಟಮ್‌ಗಳು. ಬೋರ್ಡ್ ಒಂದು ಕಂಪನಿಯದು, ರ‍್ಯಾಮ್ ಇನ್ನೊಂದರದು, ಎಸ್‌ಎಂಪಿಎಸ್ (ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಮತ್ತೊಂದರದು. ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ಆನ್‌ಲೈನ್‌ನಲ್ಲೋ ತರಿಸಿದ ಭಾಗಗಳನ್ನು ಇಲ್ಲಿ ಕೂಡಿಸಲಾಗಿರುತ್ತದೆ. ಸಿಸ್ಟಮ್ ಕುಸಿದರೆ ಇಡೀ ಯಂತ್ರಕ್ಕೆ ಉತ್ತರ ಕೊಡುವ ಒಂದೇ ಕಂಪನಿ ಇರುವುದಿಲ್ಲವಾದ್ದರಿಂದ ತಪ್ಪು ಯಾವುದರದು ಎಂದು ತೀರ್ಮಾನಿಸುವ ಹೊಣೆ ಕೊಂಡವರ ಮೇಲೆ, ರಿಪೇರಿ ಅಂಗಡಿಯ ಮೇಲೆ ಬೀಳುತ್ತದೆ. ಆಗ ಕೇಳಿಬರುವ ಉತ್ತರಗಳು ನಾಲ್ಕು: ವಿಂಡೋಸ್ ಕೆಟ್ಟು ಫಾರ್ಮ್ಯಾಟ್ ಮಾಡಬೇಕಾಗಿದೆ, ರ‍್ಯಾಮ್ ಹೋಗಿದೆ, ಕರೆಂಟು ಸರಿಯಿಲ್ಲ, ದೂಳು ತುಂಬಿ ಬಿಸಿಯಾಗಿದೆ. ನಾಲ್ಕಕ್ಕೂ ಆಧಾರವಿದೆ, ನಾಲ್ಕಕ್ಕೂ ಮಿತಿಯಿದೆ.

ಪರದೆಯ ಚರಿತ್ರೆ

ಇಂದಿನ ಅರ್ಥದ ನೀಲಿ ಪರದೆ ಬಂದದ್ದು 1993ರ ವಿಂಡೋಸ್ ಎನ್‌ಟಿ 3.1ರಲ್ಲಿ. ವಿಂಡೋಸ್ 95 ಮತ್ತು 98ರಲ್ಲೂ ನೀಲಿ ಪರದೆಗಳಿದ್ದವು; ಅವುಗಳಲ್ಲಿ ಕೆಲವನ್ನು ಕೀ ಒತ್ತಿ ದಾಟಬಹುದಿತ್ತು. ಎನ್‌ಟಿಯಲ್ಲಿ ಹಾಗಿರಲಿಲ್ಲ, ಪರದೆ ಬಂತೆಂದರೆ ಅಲ್ಲಿಗೆ ಮುಗಿಯಿತು. 1998ರ ಏಪ್ರಿಲ್ 20ರಂದು ಷಿಕಾಗೋದ ಕಾಮ್‌ಡೆಕ್ಸ್ ಪ್ರದರ್ಶನದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ, ಸ್ಕ್ಯಾನರ್ ಒಂದನ್ನು ಜೋಡಿಸಿದಾಗ ವಿಂಡೋಸ್ 98 ಕುಸಿದದ್ದನ್ನು ಜಗತ್ತು ನೋಡಿತು.

ಆಟಗಾರರ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ತಿರುವು 1996ರದು. ಆ ವರ್ಷದ ಎನ್‌ಟಿ 4.0ರಲ್ಲಿ ಮೈಕ್ರೋಸಾಫ್ಟ್ ಗ್ರಾಫಿಕ್ಸ್ ವ್ಯವಸ್ಥೆಯನ್ನು ಹೊರಗಿನಿಂದ ಕರ್ನೆಲ್ ಒಳಕ್ಕೆ ತಂದಿತು. ಕಾರಣ ವೇಗ. ಕರ್ನೆಲ್ ಒಳಗೆ ಬಂದ ಮೇಲೆ ಚಿತ್ರ ಬೇಗ ಮೂಡಿತು, ಆದರೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರಿನ ಒಂದು ತಪ್ಪು ಇಡೀ ವ್ಯವಸ್ಥೆಯನ್ನು ಕೆಡವುವಂತಾಯಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾ ಈ ನಿರ್ಧಾರವನ್ನು ಅರ್ಧ ಹಿಂತೆಗೆದುಕೊಂಡಿತು: ಡ್ರೈವರಿನ ದೊಡ್ಡ ಪಾಲನ್ನು ಮತ್ತೆ ಹೊರಗಿಟ್ಟು, ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡು ಉತ್ತರ ಕೊಡದಿದ್ದರೆ ಅದೊಂದನ್ನೇ ರೀಸೆಟ್ ಮಾಡುವ ಏರ್ಪಾಡು ತಂದಿತು. ಆಟದ ನಡುವೆ ಪರದೆ ಒಂದು ಕ್ಷಣ ಕಪ್ಪಾಗಿ ಮರಳುವುದು ಈ ರೀಸೆಟ್‌ನಿಂದ. ರೀಸೆಟ್ ಸೋತರೆ, ಇಲ್ಲವೇ 60 ಸೆಕೆಂಡಿನಲ್ಲಿ ಐದಕ್ಕಿಂತ ಹೆಚ್ಚು ಸಲ ಬೇಕಾದರೆ, ನೀಲಿ ಪರದೆಯೇ ಗತಿ. ವೇಗಕ್ಕಾಗಿ ಎಷ್ಟು ರಕ್ಷಣೆಯನ್ನು ಬಿಟ್ಟುಕೊಡಬೇಕು ಎಂಬ ಈ ಪ್ರಶ್ನೆ ಮೂವತ್ತು ವರ್ಷಗಳಿಂದ ಬೇರೆ ಬೇರೆ ರೂಪದಲ್ಲಿ ಮರುಕಳಿಸುತ್ತಿದೆ.

ಪರದೆಯ ವೇಷವೂ ಬದಲಾಯಿತು. 2012ರ ವಿಂಡೋಸ್ 8ರಲ್ಲಿ ಅಂಕಿಗಳ ಸಾಲುಗಳು ಹೋಗಿ ಅಳುಮೋರೆ ಬಂತು, 2016ರಲ್ಲಿ ಕ್ಯೂಆರ್ ಕೋಡ್ ಸೇರಿತು, 2025ರಲ್ಲಿ ವಿಂಡೋಸ್ 11ರ ಪರದೆ ನೀಲಿ ಬಿಟ್ಟು ಕಪ್ಪಾಯಿತು. ಕಪ್ಪು ಪರದೆಯಲ್ಲಿ ಅಳುಮೋರೆಯೂ ಕ್ಯೂಆರ್ ಕೋಡೂ ಇಲ್ಲ. ಸಂಕೇತ ಮತ್ತು, ಗೊತ್ತಾದರೆ, ಡ್ರೈವರಿನ ಹೆಸರು ಮಾತ್ರ ಇರುತ್ತದೆ. ರಿಪೇರಿ ಮಾಡುವವರಿಗೆ ಇದೇ ಒಳ್ಳೆಯದು.

ತಂತ್ರಾಂಶದ ವಾದ

ಎಲ್ಲಕ್ಕಿಂತ ಹಳೆಯ, ಹೆಚ್ಚು ಅಧ್ಯಯನವಾದ ವಾದ ಇದು: ಕುಸಿತಕ್ಕೆ ಡ್ರೈವರುಗಳೇ ಕಾರಣ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ಕುಸಿತದ ವರದಿಗಳನ್ನು ಇಂಟರ್‌ನೆಟ್ ಮೂಲಕ ಮೈಕ್ರೋಸಾಫ್ಟ್‌ಗೆ ಕಳಿಸುವ ವ್ಯವಸ್ಥೆ ಬಂದ ಮೇಲೆ ಊಹೆಯ ಜಾಗಕ್ಕೆ ಅಂಕಿ ಬಂತು. ಎಕ್ಸ್‌ಪಿಯಲ್ಲಿ ವರದಿಯಾದ ಕುಸಿತಗಳಲ್ಲಿ ಶೇ 85ರಷ್ಟಕ್ಕೆ ಡ್ರೈವರುಗಳು ಕಾರಣ ಎಂದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಬರೆದರು. ವಿಸ್ತಾ ಬಂದ ವರ್ಷದ ಕುಸಿತಗಳಲ್ಲಿ ಶೇ 28.8ರಷ್ಟು ಎನ್‌ವಿಡಿಯಾ ಡ್ರೈವರುಗಳಿಗೆ ಸಂಬಂಧಿಸಿದ್ದವು ಎಂಬುದು ಅಮೆರಿಕದ ಮೊಕದ್ದಮೆಯೊಂದರಲ್ಲಿ 2008ರಲ್ಲಿ ಹೊರಬಿದ್ದ ಮೈಕ್ರೋಸಾಫ್ಟ್ ದಾಖಲೆಗಳಲ್ಲಿತ್ತು.

ಕಾರಣ ವಿಂಡೋಸ್‌ನ ರಚನೆಯಲ್ಲಿದೆ. ಕರ್ನೆಲ್ ಒಳಗಿರುವ ಡ್ರೈವರುಗಳೆಲ್ಲ ಒಂದೇ ಮೆಮೊರಿಯನ್ನು ಹಂಚಿಕೊಂಡಿರುತ್ತವೆ, ನಡುವೆ ಗೋಡೆಯಿಲ್ಲ. ಧ್ವನಿಯ ಡ್ರೈವರ್ ತಪ್ಪಿ ಬೇರೆಯವರ ಜಾಗದಲ್ಲಿ ಬರೆದರೆ, ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಗೆ ಬಂದ ನೆಟ್‌ವರ್ಕ್ ಡ್ರೈವರ್ ಮುಗ್ಗರಿಸುತ್ತದೆ, ಪರದೆಯ ಮೇಲೆ ಅದರ ಹೆಸರೇ ಬರುತ್ತದೆ. ‘ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್’, ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂಬ ಸಂಕೇತಗಳೆರಡೂ ಹೇಳುವುದು ಇಷ್ಟೇ: ಮುಟ್ಟಬಾರದ ಹೊತ್ತಿನಲ್ಲಿ ಅಥವಾ ಮುಟ್ಟಬಾರದ ಜಾಗದಲ್ಲಿ ಯಾರೋ ಮೆಮೊರಿಯನ್ನು ಮುಟ್ಟಿದ್ದಾರೆ. ಮುಟ್ಟಿಸಿದವರು ಬೇರೆಯೇ ಇರಬಹುದು.

ಗೇಮಿಂಗ್ ಸಿಸ್ಟಮ್‌ನಲ್ಲಿ ಕರ್ನೆಲ್ ಒಳಗೆ ಓಡಾಡುವವರ ಸಂಖ್ಯೆ ಕಚೇರಿಯ ಕಂಪ್ಯೂಟರಿಗಿಂತ ಹೆಚ್ಚು. ಗ್ರಾಫಿಕ್ಸ್ ಡ್ರೈವರ್, ಬಣ್ಣದ ದೀಪ ಬೆಳಗಿಸುವ ತಂತ್ರಾಂಶ, ಫ್ಯಾನು ಮತ್ತು ತಾಪಮಾನ ನೋಡುವ ಉಪಕರಣಗಳು ಅಲ್ಲಿರುತ್ತವೆ. 2020ರಲ್ಲಿ ವಾಲೊರಂಟ್ ಆಟದ ಜೊತೆ ಬಂದ ವ್ಯಾನ್‌ಗಾರ್ಡ್‌ನಂಥ ಮೋಸತಡೆ ವ್ಯವಸ್ಥೆಗಳೂ ಅಲ್ಲಿಯೇ ಕೂರುತ್ತವೆ. ವ್ಯಾನ್‌ಗಾರ್ಡ್ ಅಂತೂ ವಿಂಡೋಸ್ ಶುರುವಾಗುವಾಗಲೇ ಎದ್ದು ಕೂರುತ್ತದೆ. ಇವೆಲ್ಲದರ ಮೇಲೆ ಕ್ರ್ಯಾಕ್ ಮಾಡಿದ ವಿಂಡೋಸ್, ಅದಕ್ಕೆಂದು ಅಪ್‌ಡೇಟ್ ನಿಲ್ಲಿಸಿದ್ದು, ಎಲ್ಲಿಂದಲೋ ಇಳಿಸಿಕೊಂಡ ಆಕ್ಟಿವೇಟರ್ ಸೇರಿದರೆ ಒಳಗೆ ಏನಿದೆ ಎಂದು ಹೇಳುವುದೇ ಕಷ್ಟ.

ಒಂದೇ ತಂತ್ರಾಂಶ ಎಷ್ಟು ದೂರ ಹಾನಿ ಮಾಡಬಲ್ಲದು ಎಂಬುದಕ್ಕೆ 2024ರ ಜುಲೈ 19 ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್ ಒಂದು, ಕರ್ನೆಲ್ ಒಳಗಿನ ತನ್ನದೇ ಡ್ರೈವರ್ ಮೆಮೊರಿಯ ಎಲ್ಲೆ ಮೀರಿ ಓದುವಂತೆ ಮಾಡಿತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ಕುಸಿದವು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಸಾಲುಗಳು ಬೆಳೆದವು. ಆ ಯಂತ್ರಗಳ ರ‍್ಯಾಮ್, ಎಸ್‌ಎಂಪಿಎಸ್ ಎಲ್ಲವೂ ಸರಿಯಾಗಿಯೇ ಇದ್ದವು.

ಈ ವಾದದ ದುರ್ಬಲ ಜಾಗವೂ ಇದೇ ಘಟನೆಯಿಂದ ಕಾಣುತ್ತದೆ. ಡ್ರೈವರ್ ಕೆಟ್ಟಿದ್ದರೆ ಅದು ಒಂದೇ ಮನೆಯಲ್ಲಿ ಕೆಡುವುದಿಲ್ಲ. ಅದೇ ಡ್ರೈವರ್, ಅದೇ ಕಾರ್ಡ್ ಇರುವ ಕಡೆಗಳಲ್ಲೆಲ್ಲ ಒಂದೇ ರೀತಿಯ ಸಂಕೇತ ಬರುತ್ತದೆ. ಊರಿನಲ್ಲಿ ಒಂದೇ ಸಿಸ್ಟಮ್ ಕುಸಿಯುತ್ತಿದ್ದು, ಇಂದು ಒಂದು ಸಂಕೇತ, ನಾಳೆ ಇನ್ನೊಂದು ಎಂದಾದರೆ ತಂತ್ರಾಂಶದ ಮೇಲಿನ ಅನುಮಾನ ತಗ್ಗಬೇಕು.

ಅಂಗಡಿಗಳಲ್ಲಿ ಮೊದಲ ಮದ್ದಾಗಿ ನಡೆಯುವ ಫಾರ್ಮ್ಯಾಟ್ ಈ ವಾದದ ಮೇಲೆಯೇ ನಿಂತಿದೆ. ಡ್ರೈವರ್ ಅಥವಾ ಸಿಸ್ಟಮ್ ಫೈಲು ಕೆಟ್ಟಿದ್ದರೆ ಅದರಿಂದ ಗುಣವಾಗುವುದು ನಿಜ. ಆದರೆ ಅದು ಹಿಂದಿನ ಎಲ್ಲ ಕುಸಿತಗಳ ದಾಖಲೆಯನ್ನೂ ಅಳಿಸಿಹಾಕುತ್ತದೆ. ಕಾರಣ ಯಂತ್ರಾಂಶದಲ್ಲಿದ್ದರೆ, ಮತ್ತೆ ಕುಸಿದಾಗ ತನಿಖೆ ಮೊದಲಿನಿಂದ ಶುರುವಾಗಬೇಕು. ಸಿಸ್ಟಮ್ ಒಪ್ಪಿಸುವಾಗಲೇ ಆ ದಾಖಲೆಗಳಿರುವ ಮಿನಿಡಂಪ್ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಡಲು ಕೇಳಿಕೊಳ್ಳುವುದು ಕೊಂಡವರ ಹಕ್ಕು. ಅದಕ್ಕೆ ನಿಮಿಷವೂ ಬೇಕಾಗುವುದಿಲ್ಲ.

ಯಂತ್ರಾಂಶದ ವಾದ

ಯಂತ್ರಾಂಶದ ಪಾಲನ್ನು ಗಂಭೀರವಾಗಿ ಅಳೆದದ್ದು 2011ರಲ್ಲಿ. ಮೈಕ್ರೋಸಾಫ್ಟ್ ರಿಸರ್ಚ್‌ನ ನೈಟಿಂಗೇಲ್, ಡೌಸರ್ ಮತ್ತು ಆರ್ಗೋವನ್, ಸುಮಾರು 10 ಲಕ್ಷ ಮನೆಬಳಕೆಯ ಕಂಪ್ಯೂಟರುಗಳ ವರದಿಗಳನ್ನು ಪರಿಶೀಲಿಸಿದರು. ಎಂಟು ತಿಂಗಳಲ್ಲಿ ಕನಿಷ್ಠ 30 ದಿನಗಳಷ್ಟು ಪ್ರೊಸೆಸರ್ ದುಡಿದ ಯಂತ್ರಗಳಲ್ಲಿ 190ಕ್ಕೆ ಒಂದು, ಪ್ರೊಸೆಸರ್ ಭಾಗದ ದೋಷದಿಂದ ಕುಸಿದಿತ್ತು. ಹಾಗೆ ಒಮ್ಮೆ ಕುಸಿದವು ಎರಡನೇ ಸಲ ಕುಸಿಯುವ ಸಾಧ್ಯತೆ 3.3ಕ್ಕೆ ಒಂದು. ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಿದ ಯಂತ್ರಗಳು ಹೆಚ್ಚು ಕುಸಿದವು, ನಿಗದಿಗಿಂತ ನಿಧಾನವಾಗಿ ಓಡಿದವು ಕಡಿಮೆ. ಲ್ಯಾಪ್‌ಟಾಪ್‌ಗಿಂತ ಡೆಸ್ಕ್‌ಟಾಪ್ ಹೆಚ್ಚು.

ಈ 3.3ರ ಅಂಕಿಯನ್ನು ತಿರುಗಿಸಿ ಓದಿದರೆ ರಿಪೇರಿಯ ಬಗ್ಗೆ ದೊಡ್ಡದೊಂದು ಮಾತು ಹೊರಬರುತ್ತದೆ. ಒಮ್ಮೆ ಕುಸಿದ ಯಂತ್ರಗಳಲ್ಲಿ ಹತ್ತರಲ್ಲಿ ಏಳು, ಆ ಅವಧಿಯಲ್ಲಿ ಮತ್ತೆ ಕುಸಿಯಲೇ ಇಲ್ಲ. ಅಂದರೆ ಮೊದಲ ಕುಸಿತದ ಮರುದಿನ ಯಾವ ಮದ್ದು ಮಾಡಿದರೂ ಬಹುತೇಕ ಸಲ ಅದು ಫಲಿಸಿದಂತೆ ಕಾಣುತ್ತದೆ. ರ‍್ಯಾಮ್ ತಿಕ್ಕಿದರೂ ಸರಿಹೋಯಿತು, ಫಾರ್ಮ್ಯಾಟ್ ಮಾಡಿದರೂ ಸರಿಹೋಯಿತು ಎಂಬ ಅನುಭವದ ಮಾತುಗಳಿಗೆ ಇಷ್ಟೊಂದು ಬಲ ಬಂದಿರುವುದು ಇದರಿಂದಲೂ ಇರಬೇಕು. ಒಂದು ಮದ್ದನ್ನು ನಂಬಬೇಕಾದರೆ ಅದು ಪದೇ ಪದೇ ಕುಸಿಯುತ್ತಿದ್ದ ಯಂತ್ರವನ್ನು ನಿಲ್ಲಿಸಿರಬೇಕು. ಮತ್ತು ಮದ್ದನ್ನು ಹಿಂತೆಗೆದಾಗ ಕುಸಿತ ಮರಳಿರಬೇಕು.

ಯಂತ್ರಾಂಶದಲ್ಲಿ ಮೊದಲ ಅನುಮಾನ ಬೀಳುವುದು ರ‍್ಯಾಮ್ ಮೇಲೆ, ಮತ್ತು ಅದು ನ್ಯಾಯವೇ. ಸರ್ವರ್‌ಗಳ ರ‍್ಯಾಮ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಮನೆಯ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಗೂಗಲ್ ತನ್ನ ಸರ್ವರ್‌ಗಳಲ್ಲಿ ನಡೆಸಿದ 2009ರ ಅಧ್ಯಯನದಲ್ಲಿ ವರ್ಷಕ್ಕೆ ಶೇ 8ಕ್ಕಿಂತ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ತಪ್ಪು ಕಾಣಿಸಿತ್ತು. ಅಲ್ಲಿ ತಿದ್ದಲ್ಪಟ್ಟ ತಪ್ಪು ಇಲ್ಲಿ ನೀಲಿ ಪರದೆಯಾಗಿಯೋ, ಯಾರ ಗಮನಕ್ಕೂ ಬಾರದ ಕೆಟ್ಟ ಫೈಲಾಗಿಯೋ ಉಳಿಯುತ್ತದೆ.

ಗೇಮಿಂಗ್ ರ‍್ಯಾಮ್‌ನಲ್ಲಿ ಇನ್ನೊಂದು ತೊಡಕಿದೆ. ಪೊಟ್ಟಣದ ಮೇಲೆ 3200 ಎಂದಿದ್ದರೂ ಅನೇಕ ಡಿಡಿಆರ್4 ಪಟ್ಟಿಗಳು ಬೋರ್ಡಿಗೆ ಹಾಕಿದಾಗ 2133 ಅಥವಾ 2400ರಲ್ಲಿಯೇ ಓಡುತ್ತವೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದರೆ ಮಾತ್ರ ಬರೆದ ವೇಗ ಸಿಗುತ್ತದೆ. ಎಎಂಡಿ 2022ರಲ್ಲಿ ಡಿಡಿಆರ್5ಗೆ ತಂದ ಎಕ್ಸ್‌ಪೋ ಕೂಡ ಇದೇ ಬಗೆಯದು. ಇವೆರಡೂ ಪ್ರೊಸೆಸರ್ ಕಂಪನಿಗಳ ಲೆಕ್ಕದಲ್ಲಿ ಓವರ್‌ಕ್ಲಾಕಿಂಗ್. ಮೊದಲು ಎಂಟು ಜಿಬಿಯ ಒಂದು ಪಟ್ಟಿ, ವರ್ಷದ ಮೇಲೆ ಬೇರೆ ಕಂಪನಿಯ ಇನ್ನೊಂದು ಎಂದು ಕೂಡಿಸುತ್ತ ಹೋದ ಸಿಸ್ಟಮ್‌ಗಳಲ್ಲಿ ಎರಡೂ ಪಟ್ಟಿ ಒಂಟಿಯಾಗಿ ಸರಿಯಿದ್ದು ಜೊತೆಯಲ್ಲಿ ತಪ್ಪುವುದುಂಟು. ಆಗ ಎಕ್ಸ್‌ಎಂಪಿ ತೆಗೆದು ಕೆಲವು ದಿನ ಓಡಿಸಿ ನೋಡುವುದು ಕಾಸಿಲ್ಲದ, ಆದರೆ ಬಹಳಷ್ಟು ಹೇಳುವ ಪರೀಕ್ಷೆ. ರಬ್ಬರ್‌ನಿಂದ ರ‍್ಯಾಮ್‌ನ ಚಿನ್ನದ ಬಣ್ಣದ ತುದಿಗಳನ್ನು ತಿಕ್ಕುವ ಹಳೆಯ ಪದ್ಧತಿಯಲ್ಲೂ ತಿರುಳಿದೆ: ತುದಿಗೆ ಹಿಡಿದ ಪೊರೆ ಹೋಗುತ್ತದೆ, ಪಟ್ಟಿ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಚಿಪ್ಪಿನೊಳಗಿನ ದೋಷಕ್ಕೆ ಅದರಿಂದ ಏನೂ ಆಗದು.

ಪ್ರೊಸೆಸರ್ ಕೆಡುವುದು ತೀರ ಅಪರೂಪ ಎಂಬ ನಂಬಿಕೆಗೆ 2024ರಲ್ಲಿ ಪೆಟ್ಟು ಬಿತ್ತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳು, ಅದರಲ್ಲೂ ಐ9 ಮತ್ತು ಐ7, ಆಟಗಳ ನಡುವೆ ಕುಸಿಯತೊಡಗಿದವು. ಅನ್‌ರಿಯಲ್ ಎಂಜಿನ್‌ನ ಆಟಗಳು ವಿಡಿಯೊ ಮೆಮೊರಿ ಸಾಲುತ್ತಿಲ್ಲ ಎಂದು ತೋರಿಸುತ್ತಿದ್ದವು. ಜನ ತಿಂಗಳುಗಟ್ಟಲೆ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರು, ಡ್ರೈವರ್ ಬದಲಿಸಿದರು. ಚಿಪ್ ತನಗೆ ಬೇಕಾದುದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಒಳಗೇ ಸವೆಯುತ್ತಿತ್ತು ಎಂಬುದು ಕೊನೆಗೆ ತಿಳಿಯಿತು. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಸವೆದುಹೋದ ಚಿಪ್ ತಿದ್ದುಪಡಿಯಿಂದ ಮರಳದು. ತಪ್ಪು ಪತ್ತೆಯಾದ ಜಾಗಕ್ಕೂ ಹುಟ್ಟಿದ ಜಾಗಕ್ಕೂ ಎಷ್ಟು ದೂರವಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್‌ಗಳ ಮಾತು ಬೇರೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ನಾಣ್ಯದ ವ್ಯವಸ್ಥೆ ಬದಲಾಗಿ ಕಾರ್ಡ್‌ಗಳಿಂದ ಮೈನಿಂಗ್ ಮಾಡುವುದು ನಿಂತ ಮೇಲೆ, ಹಗಲುರಾತ್ರಿ ದುಡಿದ ಕಾರ್ಡ್‌ಗಳು ಅಗ್ಗವಾಗಿ ಮಾರುಕಟ್ಟೆಗೆ ಬಂದವು. ಗ್ರಾಫಿಕ್ಸ್ ರೀಸೆಟ್ ಸೋತಾಗ ಬರುವ ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಸಂಕೇತ ಇಂಥ ಕಾರ್ಡ್ ಇರುವಲ್ಲಿ ಪದೇ ಪದೇ ಬಂದರೆ, ಡ್ರೈವರನ್ನು ಪೂರ್ತಿ ಕಿತ್ತು ಹಾಕಿ ಹೊಸದಾಗಿ ಕೂರಿಸಿದ ಮೇಲೂ ಬಂದರೆ, ಕಾರ್ಡನ್ನೇ ಬೇರೆ ಸಿಸ್ಟಮ್‌ನಲ್ಲಿ ಹಾಕಿ ನೋಡಬೇಕು.

ಕರೆಂಟಿನ ವಾದ

ಈ ಭಾಗದಲ್ಲಿ ಅತಿ ಹೆಚ್ಚು ಕೇಳಿಬರುವ, ಆದರೆ ಪುಸ್ತಕಗಳಲ್ಲಿ ಅತಿ ಕಡಿಮೆ ಚರ್ಚೆಯಾದ ವಾದ ಇದು. ಜೆಸ್ಕಾಂ ವಿದ್ಯುತ್ ಪೂರೈಸುವ ಈ ತಾಲ್ಲೂಕುಗಳಲ್ಲಿ ಮೋಟರುಗಳದೇ ರಾಜ್ಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು. ಮಳೆಯಾಶ್ರಿತ ಕುಷ್ಟಗಿ, ಯಲಬುರ್ಗಾಗಳಲ್ಲಿ ಬೋರ್‌ವೆಲ್ ಪಂಪ್‌ಸೆಟ್ಟುಗಳು. ಕೊಪ್ಪಳದ ಪಕ್ಕ ಗಿಣಿಗೇರಾ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು. ಇಂಡಕ್ಷನ್ ಮೋಟರನ್ನು ನೇರವಾಗಿ ಚಾಲೂ ಮಾಡಿದರೆ ಮೊದಲ ಕೆಲವು ಕ್ಷಣ ಅದು ತನ್ನ ಪೂರ್ಣ ಹೊರೆಯ ಐದರಿಂದ ಏಳು ಪಟ್ಟು ಕರೆಂಟು ಎಳೆಯುತ್ತದೆ. ಆಗ ಅದೇ ಟ್ರಾನ್ಸ್‌ಫಾರ್ಮರಿನ ಮನೆಗಳಲ್ಲಿ ದೀಪ ಡಿಮ್ ಆಗುತ್ತದೆ. ಹಳ್ಳಿಗಳ ಮನೆಬಳಕೆಯ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯಿಂದ ಈ ತೊಂದರೆ ಅನೇಕ ಕಡೆ ತಗ್ಗಿದೆ; ಗಿರಣಿಗಳ ನಡುವಿನ ಬಡಾವಣೆಗಳಲ್ಲಿ ಆ ಪರಿಹಾರ ಅನ್ವಯಿಸುವುದಿಲ್ಲ.

ದೀಪ ಡಿಮ್ ಆದಾಗ ಕಂಪ್ಯೂಟರಿನೊಳಗೆ ಆಗುವುದು ಎಸ್‌ಎಂಪಿಎಸ್ ಮೇಲೆ ನಿಂತಿದೆ. ಅದರೊಳಗಿನ ದೊಡ್ಡ ಕೆಪ್ಯಾಸಿಟರ್, ಕರೆಂಟು ಹೋದ ಮೇಲೂ ಸುಮಾರು 16 ಮಿಲಿಸೆಕೆಂಡು ಕಂಪ್ಯೂಟರನ್ನು ಹಿಡಿದಿಡಬೇಕು ಎಂಬುದು ಎಟಿಎಕ್ಸ್ ಮಾನದಂಡಗಳ ನಿರೀಕ್ಷೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತನೆಗೆ 20 ಮಿಲಿಸೆಕೆಂಡು ಬೇಕು. ಒಂದು ಆವರ್ತನೆ ತಪ್ಪಿದರೂ ಕಷ್ಟವೇ. ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಕೆಪ್ಯಾಸಿಟರಿನ ವೋಲ್ಟೇಜ್ ಗೋಡೆಯ ವೋಲ್ಟೇಜನ್ನೇ ಅನುಸರಿಸುತ್ತದೆ. ಕೂಡಿಟ್ಟ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ, 230 ವೋಲ್ಟ್ 180ಕ್ಕೆ ಇಳಿದರೆ ಸಂಗ್ರಹ ಸುಮಾರು ಶೇ 39ರಷ್ಟು ಕುಗ್ಗುತ್ತದೆ. ಆ್ಯಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್ ಗೋಡೆಯಲ್ಲಿ ಏನೇ ಇರಲಿ ಒಳಗೆ ಸುಮಾರು 380 ವೋಲ್ಟ್ ಕಾಯ್ದುಕೊಳ್ಳುತ್ತದೆ. ಲೋ ವೋಲ್ಟೇಜ್ ಕಾಡುವ ಊರಿನಲ್ಲಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿದಾದರೂ ಎಸ್‌ಎಂಪಿಎಸ್‌ಗೆ ಹಣ ಹಾಕಬೇಕು ಎನ್ನಲು ಇದೇ ಕಾರಣ.

ಆದರೆ ಕರೆಂಟಿನ ವಾದಕ್ಕೆ ದೊಡ್ಡ ಮಿತಿಯೊಂದಿದೆ. ನೀಲಿ ಪರದೆ ತೋರಿಸಬೇಕಾದರೆ ಕರ್ನೆಲ್ ಬದುಕಿರಬೇಕು. ವಿದ್ಯುತ್ ಥಟ್ಟನೆ ತಪ್ಪಿದರೆ ಪರದೆ ಬರಲು ಸಮಯವೇ ಇರುವುದಿಲ್ಲ. ಸಿಸ್ಟಮ್ ಸುಮ್ಮನೆ ಆರಿಹೋಗುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ. ಮರಳಿ ಎದ್ದ ಮೇಲೆ ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನೆಲ್-ಪವರ್ 41’ ಎಂದಿದ್ದು, ಅದರೊಳಗೆ ಬಗ್‌ಚೆಕ್ ಕೋಡ್ 0 ಇದ್ದರೆ ವಿದ್ಯುತ್ ಅಥವಾ ಎಸ್‌ಎಂಪಿಎಸ್ ಕಡೆ ನೋಡಬೇಕು. ಅಲ್ಲಿ ಬೇರೆ ಅಂಕಿಯಿದ್ದರೆ ನೀಲಿ ಪರದೆ ಬಂದಿತ್ತು, ಕಣ್ಣಿಗೆ ಬೀಳುವ ಮೊದಲೇ ಯಂತ್ರ ತಾನಾಗಿ ರೀಸ್ಟಾರ್ಟ್ ಆಗಿದೆ ಎಂದರ್ಥ. ಈ ಎರಡನ್ನು ಬೇರ್ಪಡಿಸುವುದೇ ಇಡೀ ತನಿಖೆಯಲ್ಲಿ ಅತ್ಯಂತ ಬೆಲೆಯುಳ್ಳ ಹೆಜ್ಜೆ. ಬಹಳ ಸಲ ಬಿಟ್ಟುಹೋಗುವ ಹೆಜ್ಜೆಯೂ ಇದೇ.

ನಡುವಿನ ಪ್ರದೇಶವೂ ಒಂದಿದೆ. 12 ವೋಲ್ಟಿನ ಸಾಲು ಶೇ 5ರ ಮಿತಿ ದಾಟಿ ಕುಗ್ಗಿದರೂ ಆರಿಹೋಗದೆ ಉಳಿದರೆ, ಪ್ರೊಸೆಸರ್ ಅಥವಾ ಕಾರ್ಡ್ ತಪ್ಪು ಲೆಕ್ಕ ಮಾಡಬಹುದು. ಆಗ ‘ಡಬ್ಲ್ಯೂಎಚ್‌ಇಎ ಅನ್‌ಕರೆಕ್ಟಬಲ್ ಎರರ್’ ಎಂಬ ಪರದೆ ಬರುತ್ತದೆ. 2020ರ ನಂತರದ ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗಳು ಮೈಕ್ರೋಸೆಕೆಂಡುಗಳ ಮಟ್ಟಿಗೆ ತಮ್ಮ ಸರಾಸರಿಯ ಎರಡು ಪಟ್ಟಿನಷ್ಟು ಎಳೆಯುತ್ತವೆ. ಅದಕ್ಕೆಂದೇ 2022ರ ಎಟಿಎಕ್ಸ್ 3.0, ಎಸ್‌ಎಂಪಿಎಸ್ 100 ಮೈಕ್ರೋಸೆಕೆಂಡು ಶೇ 200ರ ಹೊರೆ ತಡೆಯಬೇಕು ಎಂದು ಸೇರಿಸಿತು. ಇದಕ್ಕೆ ವಿರುದ್ಧವಾದ ರೋಗವೂ ಉಂಟು: ಕೆಲವು ರೈಜನ್ ಸಿಸ್ಟಮ್‌ಗಳು ಆಟದಲ್ಲಿ ಚೆನ್ನಾಗಿದ್ದು, ಸುಮ್ಮನೆ ಬಿಟ್ಟಾಗ ಕುಸಿಯುತ್ತವೆ. ಪ್ರೊಸೆಸರ್ ತೀರ ಕಡಿಮೆ ಕರೆಂಟಿಗೆ ಇಳಿದಾಗ ಹಳೆಯ ಎಸ್‌ಎಂಪಿಎಸ್ ಹೊಂದಿಕೊಳ್ಳದಿರುವುದು ಅದಕ್ಕೆ ಒಂದು ಕಾರಣ. ಬಯೋಸ್‌ನಲ್ಲಿ ‘ಟಿಪಿಕಲ್ ಕರೆಂಟ್ ಐಡಲ್’ ಎಂಬ ಆಯ್ಕೆ ಇಟ್ಟಿರುವುದು ಇದಕ್ಕಾಗಿಯೇ.

ರಕ್ಷಣೆಗೆಂದು ಕೊಳ್ಳುವ ವಸ್ತುಗಳ ಬಗ್ಗೆಯೂ ಗೊಂದಲವಿದೆ. ರಿಲೇ ಇರುವ ಸ್ಟೆಬಿಲೈಜರ್ ನಿಧಾನವಾದ ಏರಿಳಿತವನ್ನು ಸರಿಪಡಿಸುತ್ತದೆ. ಮಿಲಿಸೆಕೆಂಡಿನ ಇಳಿತಕ್ಕೆ ಅದು ಎಚ್ಚರಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮನೆಯ ಇನ್ವರ್ಟರ್ ಸಾಧಾರಣ ಮೋಡ್‌ನಲ್ಲಿದ್ದರೆ ಬದಲಾಗಲು ತೆಗೆದುಕೊಳ್ಳುವ ಹೊತ್ತು ಎಸ್‌ಎಂಪಿಎಸ್ ಹಿಡಿದಿಡುವ ಹೊತ್ತಿಗಿಂತ ಹೆಚ್ಚಾಗಬಹುದು. ಅದನ್ನು ಯುಪಿಎಸ್ ಮೋಡಿಗೆ ಹಾಕಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. 170 ವ್ಯಾಟ್‌ನ ಆರ್‌ಟಿಎಕ್ಸ್ 3060 ಇರುವ ಸಿಸ್ಟಮ್ ಆಟದ ನಡುವೆ ಮಾನಿಟರ್ ಸಮೇತ ಅದರ ಅಂಚಿಗೆ ಬರುತ್ತದೆ.

ಅರ್ಥಿಂಗ್‌ನದು ಪ್ರತ್ಯೇಕ ಕತೆ. ಸಿಪಿಯು ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುವುದು ಅರ್ಥಿಂಗ್ ಇಲ್ಲದಿರುವುದರ ಗುರುತು: ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪ್ಯಾಸಿಟರುಗಳ ಮೂಲಕ ಸೋರುವ ಸಣ್ಣ ಕರೆಂಟು ಭೂಮಿಗೆ ಹೋಗಲು ದಾರಿ ಕಾಣದೆ ಪೆಟ್ಟಿಗೆಯಲ್ಲೇ ನಿಲ್ಲುತ್ತದೆ. ಇದ್ದಿಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿಯೂ ಬೇಸಿಗೆಯಲ್ಲಿ ನೀರು ಕಾಣದಿದ್ದರೆ ಸೋಲುತ್ತದೆ. ಇದರಿಂದ ನೇರವಾಗಿ ನೀಲಿ ಪರದೆ ಬರುವುದು ವಿರಳ. ಯುಎಸ್‌ಬಿ ಸಾಧನಗಳು ಕಳಚಿಕೊಂಡಂತೆ ಆಗುವುದು, ಸ್ಪೀಕರಿನಲ್ಲಿ ಗುಂಯ್ ಎನ್ನುವುದು ಹೆಚ್ಚು. ಕುಸಿತ ನಿಲ್ಲಲಿ ಬಿಡಲಿ, ಜೀವದ ದೃಷ್ಟಿಯಿಂದ ಅದನ್ನು ಸರಿಪಡಿಸಲೇಬೇಕು.

ಬಿಸಿಲು ಮತ್ತು ದೂಳಿನ ವಾದ

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರುಗಳಲ್ಲಿ ಬಿಸಿಯನ್ನು ದೂರುವುದು ಸಹಜ. ಚಿಪ್‌ನ ತಾಪಮಾನ ಅಂದರೆ ಕೋಣೆಯ ತಾಪಮಾನದ ಮೇಲೆ ಹೊರೆಗೆ ತಕ್ಕ ಏರಿಕೆ. ಬೆಂಗಳೂರಿನ 25 ಡಿಗ್ರಿ ಕೋಣೆಯಲ್ಲಿ 70ಕ್ಕೆ ನಿಲ್ಲುವ ಕಾರ್ಡ್ ಇಲ್ಲಿ 85ರ ಸುತ್ತ ಓಡುತ್ತದೆ. ಹೊಲದ ಮಣ್ಣಿನ ದೂಳು, ಗಿರಣಿಯ ತೌಡು ಹೊಟ್ಟಿನ ಪುಡಿ, ಕಾರ್ಖಾನೆಗಳ ಸುತ್ತಲ ಹಳ್ಳಿಗಳಲ್ಲಿ ಬೀಳುವ ಕಪ್ಪು ದೂಳು ಹೀಟ್‌ಸಿಂಕ್‌ನ ಸಂದುಗಳನ್ನು ಮುಚ್ಚುತ್ತವೆ. ಇಂಗಾಲ, ಕಬ್ಬಿಣದ ಕಣಗಳಿರುವ ದೂಳು ತೇವ ಹಿಡಿದರೆ ಅಲ್ಪಸ್ವಲ್ಪ ವಿದ್ಯುತ್ತನ್ನೂ ಹರಿಸಬಲ್ಲದು.

ಆದರೂ ಈಗಿನ ಪ್ರೊಸೆಸರುಗಳು ಬಿಸಿಯಾದರೆ ಮೊದಲು ನಿಧಾನವಾಗುತ್ತವೆ, ಮಿತಿ ಮೀರಿದರೆ ಆರಿಹೋಗುತ್ತವೆ. ನೀಲಿ ಪರದೆ ತೋರಿಸುವುದು ಅವುಗಳ ಮೊದಲ ವರ್ತನೆಯಲ್ಲ. ಬಿಸಿಯ ನಿಜವಾದ ಪಾತ್ರ ಅಂಚಿನಲ್ಲಿದ್ದುದನ್ನು ಅಂಚಿನಾಚೆ ತಳ್ಳುವುದು. ಡಿಡಿಆರ್4 ರ‍್ಯಾಮ್ 85 ಡಿಗ್ರಿ ದಾಟಿದರೆ ಮಾಹಿತಿ ಉಳಿಸಿಕೊಳ್ಳಲು ಎರಡು ಪಟ್ಟು ಬೇಗ ರಿಫ್ರೆಶ್ ಆಗಬೇಕು. ಎಕ್ಸ್‌ಎಂಪಿಯಲ್ಲಿ ಡಿಸೆಂಬರಿನಲ್ಲಿ ಸರಿಯಾಗಿದ್ದ ರ‍್ಯಾಮ್ ಮೇ ತಿಂಗಳಲ್ಲಿ ತಪ್ಪಲು ಅಷ್ಟು ಸಾಕು. ಇದಕ್ಕೆ ಎದುರು ಸಾಕ್ಷ್ಯವೂ ಇದೆ: ಗೂಗಲ್‌ನ 2009ರ ಅಧ್ಯಯನ, ಬಳಕೆಯ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ರ‍್ಯಾಮ್ ತಪ್ಪುಗಳ ಮೇಲೆ ತಾಪಮಾನದ ಪ್ರಭಾವ ಅಲ್ಪ ಎಂದಿತು. ಆ ಸರ್ವರ್‌ಗಳು ತಂಪು ಮಾಡಿದ ಕೋಣೆಗಳಲ್ಲಿದ್ದವು, ನಿಗದಿತ ವೇಗದಲ್ಲೇ ಓಡುತ್ತಿದ್ದವು ಎಂಬುದನ್ನು ಇಲ್ಲಿ ಮರೆಯಬಾರದು.

ತನಿಖೆಯ ಎರಡು ದಾರಿ

ಮೂಲ ಹುಡುಕುವವರಲ್ಲಿ ಎರಡು ಪಂಗಡ. ಒಂದು, ದಾಖಲೆ ಓದುವವರದು. ಮಿನಿಡಂಪ್ ಫೈಲುಗಳನ್ನು ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿಯಲ್ಲಿಯೋ ಬ್ಲೂಸ್ಕ್ರೀನ್‌ವ್ಯೂ ಎಂಬ ಪುಟ್ಟ ತಂತ್ರಾಂಶದಲ್ಲಿಯೋ ತೆರೆದು, ಪ್ರತಿ ಕುಸಿತದ ಸಂಕೇತ, ಡ್ರೈವರ್, ಸಮಯಗಳನ್ನು ಸಾಲಾಗಿ ಇಟ್ಟು ನೋಡುತ್ತಾರೆ. ಒಂದೇ ಡಂಪ್ ದಾರಿ ತಪ್ಪಿಸಬಹುದು. ಐದಾರು ಸೇರಿದಾಗ ಒಂದೇ ಡ್ರೈವರ್ ಮರಳಿ ಬರುತ್ತಿದೆಯೋ, ದಿಕ್ಕುದೆಸೆಯಿಲ್ಲದೆ ಹರಡಿದೆಯೋ ತಿಳಿಯುತ್ತದೆ. ಹರಡಿದ್ದರೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಡುವುದು ಮುಂದಿನ ಹೆಜ್ಜೆ. ನೀಲಿ ಪರದೆ ಬಂದೂ ಡಂಪ್ ಫೈಲೇ ಇಲ್ಲವೆಂದರೆ ಪೇಜ್ ಫೈಲ್ ನಿಲ್ಲಿಸಿರಬೇಕು, ಇಲ್ಲವೇ ಬರೆಯಬೇಕಾದ ಎಸ್‌ಎಸ್‌ಡಿಯೇ ಆ ಕ್ಷಣ ಮಾಯವಾಗಿರಬೇಕು; ‘ಕರ್ನೆಲ್ ಡೇಟಾ ಇನ್‌ಪೇಜ್ ಎರರ್’ ಕಂಡಿದ್ದರೆ ಎರಡನೆಯದೇ ಹೆಚ್ಚು ಸಂಭವ.

ಇನ್ನೊಂದು, ಭಾಗ ಬದಲಿಸುವವರದು. ಅಂಗಡಿಯಲ್ಲಿ ಸರಿಯಿರುವ ರ‍್ಯಾಮ್, ಎಸ್‌ಎಂಪಿಎಸ್, ಕಾರ್ಡ್ ಇದ್ದರೆ ಒಂದೊಂದಾಗಿ ಹಾಕಿ ನೋಡುವುದು ಓದುವುದಕ್ಕಿಂತ ಬೇಗ ಮುಗಿಯುತ್ತದೆ, ಮತ್ತು ಅದರ ತೀರ್ಪು ಗಟ್ಟಿ. ತೊಡಕೆಂದರೆ ಸಿಸ್ಟಮ್ ಅಂಗಡಿಗೆ ಬಂದಾಗ ಅದರ ಜೊತೆ ಮನೆಯ ಕರೆಂಟು, ಮನೆಯ ಸೆಕೆ ಬರುವುದಿಲ್ಲ. ಅಂಗಡಿಯಲ್ಲಿ ವಾರವಿಡೀ ಸರಿಯಾಗಿದ್ದು ಮನೆಗೆ ಹೋದ ದಿನವೇ ಕುಸಿಯುವ ಸಿಸ್ಟಮ್‌ಗೆ ಈ ದಾರಿಯಲ್ಲಿ ಉತ್ತರ ಸಿಗದು. ದಾಖಲೆ ಮೊದಲು, ಬದಲಾವಣೆ ಆಮೇಲೆ, ಒಮ್ಮೆಗೆ ಒಂದೇ ಬದಲಾವಣೆ: ಈ ಕ್ರಮದ ಮೇಲೆ ಎರಡೂ ಪಂಗಡಗಳು ಒಪ್ಪಬಹುದು. ಫಾರ್ಮ್ಯಾಟ್, ಹೊಸ ರ‍್ಯಾಮ್, ಥರ್ಮಲ್ ಪೇಸ್ಟ್ ಎಲ್ಲವನ್ನೂ ಒಂದೇ ದಿನ ಮಾಡಿದ ಮೇಲೆ ಕುಸಿತ ನಿಂತರೆ ಹಣ ಯಾವುದಕ್ಕೆ ಹೋಯಿತು ಎಂದು ಯಾರೂ ಹೇಳಲಾರರು.

ಇತ್ಯರ್ಥವಾಗದ ಪ್ರಶ್ನೆಗಳು

ಡ್ರೈವರಿನ ತಪ್ಪನ್ನೂ ರ‍್ಯಾಮ್‌ನಲ್ಲಿ ಒಂದು ಬಿಟ್ ತಿರುಗಿದ್ದನ್ನೂ ಡಂಪ್ ಫೈಲಿನಿಂದ ಎಲ್ಲ ಸಂದರ್ಭಗಳಲ್ಲೂ ಖಚಿತವಾಗಿ ಬೇರ್ಪಡಿಸುವ ವಿಧಾನ ಇನ್ನೂ ಇಲ್ಲ. ಹಾಗಾಗಿ 2003ರ ಶೇ 85ರಲ್ಲಿ ಎಷ್ಟು ಭಾಗ ನಿಜವಾಗಿ ಡ್ರೈವರುಗಳದು, ಎಷ್ಟು ಭಾಗ ತಪ್ಪು ತಿದ್ದದ ರ‍್ಯಾಮ್‌ನದು ಎಂಬುದು ಚರ್ಚೆಯಲ್ಲೇ ಇದೆ. ತಪ್ಪು ತಿದ್ದಿಕೊಳ್ಳುವ ರ‍್ಯಾಮ್ ಮನೆಯ ಕಂಪ್ಯೂಟರಿಗೂ ಬೇಕು ಎಂದು ಲಿನಕ್ಸ್‌ನ ಲಿನಸ್ ಟೋರ್ವಾಲ್ಡ್ಸ್ 2021ರಲ್ಲಿ ಗಟ್ಟಿಯಾಗಿ ವಾದಿಸಿದ್ದರು. ಗೇಮಿಂಗ್ ಮಾರುಕಟ್ಟೆ ಅತ್ತ ತಿರುಗಿಲ್ಲ.

ಕರ್ನೆಲ್ ಒಳಗೆ ಯಾರಿಗೆ ಜಾಗ ಎಂಬುದು ಎರಡನೆಯದು. ಕ್ರೌಡ್‌ಸ್ಟ್ರೈಕ್ ನಂತರ ಮೈಕ್ರೋಸಾಫ್ಟ್ ಭದ್ರತಾ ತಂತ್ರಾಂಶಗಳನ್ನು ಕರ್ನೆಲ್ ಹೊರಗಿಡುವ ಕೆಲಸವನ್ನು 2025ರಲ್ಲಿ ಶುರುಮಾಡಿತು. ಆಟಗಳ ಮೋಸತಡೆ ವ್ಯವಸ್ಥೆಗಳೂ ಹೊರಗೆ ಬರಬಲ್ಲವೇ, ಬಂದರೆ ಮೋಸಗಾರರನ್ನು ಹಿಡಿಯಬಲ್ಲವೇ ಎಂಬುದರ ಬಗ್ಗೆ ಆಟ ತಯಾರಕರಲ್ಲೇ ಒಮ್ಮತವಿಲ್ಲ.

ಮೂರನೆಯದು ಇಲ್ಲಿನದೇ. ವಿದ್ಯುತ್ ಕಂಪನಿಗಳು ತಮ್ಮ ವಿಶ್ವಾಸಾರ್ಹತೆಯನ್ನು ಅಳೆಯಲು ಬಳಸುವ ಸೂಚ್ಯಂಕಗಳು ಕರೆಂಟು ಎಷ್ಟು ಸಲ, ಎಷ್ಟು ಹೊತ್ತು ಹೋಯಿತು ಎಂಬುದನ್ನು ಲೆಕ್ಕ ಹಾಕುತ್ತವೆ. ಗಿರಣಿಯ ಮೋಟರ್ ಎದ್ದಾಗಿನ ಅರೆ ಸೆಕೆಂಡಿನ ಇಳಿತ ಅವುಗಳಲ್ಲಿ ದಾಖಲಾಗುವುದಿಲ್ಲ, ಏಕೆಂದರೆ ಆ ಲೆಕ್ಕದಲ್ಲಿ ಕರೆಂಟು ಹೋಗಿಯೇ ಇಲ್ಲ. ಮನೆಯ ಸಾಕೆಟ್‌ನಲ್ಲಿ ಆ ಇಳಿತವನ್ನು ಸಮಯದೊಂದಿಗೆ ಬರೆದಿಡುವ ಮೀಟರ್, ಅದರ ಪಕ್ಕದಲ್ಲಿ ಇವೆಂಟ್ ವ್ಯೂವರ್‌ನ ಸಮಯ, ಈ ಎರಡನ್ನು ಒಂದು ಬೇಸಿಗೆ ಮತ್ತು ಒಂದು ಸುಗ್ಗಿಯುದ್ದಕ್ಕೂ ಹೋಲಿಸಿ ನೋಡಿದರೆ ಮಾತ್ರ ಗಂಗಾವತಿಯ ಗಿರಣಿ ಬಡಾವಣೆಯ ಕುಸಿತಗಳಲ್ಲಿ ಕರೆಂಟಿನ ಪಾಲೆಷ್ಟು, ಅಗ್ಗದ ಎಸ್‌ಎಂಪಿಎಸ್‌ನ ಪಾಲೆಷ್ಟು ಎಂಬುದು ತೀರ್ಮಾನವಾದೀತು.